ಕವಚದ ಗಾಡಿ, ಕಾಲ್ನಡಿಗೆಯ ಪೇದೆ

1948ರ ಮೇ 22ರಂದು ಮದ್ರಾಸ್–ಮುಂಬಯಿ ಮೇಲ್ ಗಾಡಿ ಗಾಣಗಾಪುರ ನಿಲ್ದಾಣದಲ್ಲಿದ್ದಾಗ ಅದರ ಮೇಲೆ ಹೈದರಾಬಾದಿನ ನಿಜಾಮನ ಪರವಾದ ಸಶಸ್ತ್ರ ರಜಾಕಾರರ ಗುಂಪು ಎರಗಿತು. ಪ್ರಯಾಣಿಕರು ಸತ್ತರು, ಹಲವರು ಗಾಯಗೊಂಡರು, ಹೆಂಗಸರು ಮಕ್ಕಳೂ ಸೇರಿ ಕೆಲವರು ಕಾಣೆಯಾದರು. ಆ ಗಾಡಿ ತುಂಗಭದ್ರೆಯ ಸೇತುವೆ ದಾಟಿ ನಿಜಾಮನ ರಾಜ್ಯಕ್ಕೆ ಕಾಲಿಟ್ಟು, ರಾಯಚೂರು ಜಂಕ್ಷನ್‌ನಲ್ಲಿ ನಿಂತು, ಕೃಷ್ಣೆಯನ್ನೂ ದಾಟಿಕೊಂಡು ಅಲ್ಲಿಗೆ ಬಂದಿತ್ತು. 1871ರಲ್ಲಿ ಮದ್ರಾಸ್ ಕಡೆಯ ಹಳಿ ಮತ್ತು ಮುಂಬಯಿ ಕಡೆಯ ಹಳಿ ಕೂಡಿದ್ದು ರಾಯಚೂರಿನಲ್ಲೇ. ಮದ್ರಾಸಿನಿಂದ ಮುಂಬಯಿಗೆ ಹೋಗುವ ರೈಲು ಸಂಚಾರ ನಿಜಾಮನ ಸೀಮೆಯೊಳಗೆ ನೂರಾರು ಕಿಲೋಮೀಟರ್ ಹಾಯ್ದು ಹೋಗಬೇಕಿತ್ತು. ದೆಹಲಿಯಲ್ಲಿ ಕೂತವರಿಗೆ ಹೈದರಾಬಾದಿನ ತಂಟೆ ಕಾಗದದ ಮೇಲಿನ ಸಂಗತಿಯಾಗಿ ಉಳಿಯದೆ, ಮನೆಮಂದಿ ಪಯಣಿಸುವ ರೈಲಿನ ಭಯವಾಗಿ ತಟ್ಟಿದ್ದು ಈ ದಾಳಿಯಿಂದ. ನಾಲ್ಕು ತಿಂಗಳೊಳಗೆ ಟ್ಯಾಂಕುಗಳು ಗಡಿ ದಾಟಿದವು. ಆ ಕಾರ್ಯಾಚರಣೆಯನ್ನು ಜನ ಇಂದಿಗೂ ಕರೆಯುವುದು ಪೊಲೀಸ್ ಆಕ್ಷನ್ ಎಂದೇ.

ಪೊಲೀಸರ ಕೈಗೆ ಕವಚ ವಾಹನ ಹೇಗೆ ಬಂತು, ಯಾಕೆ ಬಂತು, ಬಂದು ಏನು ಮಾಡಿತು ಎಂಬ ಚರಿತ್ರೆಯನ್ನು ಸಾಮಾನ್ಯವಾಗಿ ಲಾಸ್ ಏಂಜಲೀಸ್‌ನಿಂದಲೋ ಮುಂಬಯಿಯಿಂದಲೋ ಶುರುಮಾಡುತ್ತಾರೆ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಿಂದ, ಅಂದರೆ ರಾಯಚೂರು, ಮಾನ್ವಿ, ದೇವದುರ್ಗಗಳ ಕಡೆಯಿಂದ ನೋಡಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಇಲ್ಲಿ ಕವಚ ಹಲವು ಸಲ ಬಂದಿದೆ. ಪ್ರತಿಸಲವೂ ಅದು ಬಂದದ್ದು ದೊಡ್ಡ ದಾರಿಯ ಮೇಲೆ. ಆ ದಾರಿಯಿಂದ ಒಳಗಿದ್ದ ಊರಿಗೆ ಅದರಿಂದ ಎಷ್ಟು ರಕ್ಷಣೆ ಸಿಕ್ಕಿತು ಎಂಬುದನ್ನು ಕೇಳಿಕೊಳ್ಳಲೇಬೇಕು.

ನಿಜಾಮನ ಕಾಲದ ಜಿಲ್ಲಾ ಪೊಲೀಸ್ ವ್ಯವಸ್ಥೆ ಒಂದನೇ ಸಾಲಾರ್ ಜಂಗ್‌ನ ಸುಧಾರಣೆಗಳ ಫಲ. 1865ರ ಸುಮಾರಿಗೆ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದಾಗ ಕೊತ್ವಾಲಿ ಇಲಾಖೆಯೂ ಹೊಸ ರೂಪ ಪಡೆಯಿತು. ಜಿಲ್ಲೆಗೊಬ್ಬ ಮೊಹತಮಿಮ್, ಅವನ ಕೈಕೆಳಗೆ ಠಾಣೆಗೊಬ್ಬ ಅಮೀನ, ಅಮೀನನ ಕೆಳಗೆ ಜವಾನರು. ಹಳ್ಳಿಯ ಮಟ್ಟದಲ್ಲಿ ಕಂದಾಯಕ್ಕೆ ಮಾಲಿ ಪಾಟೀಲ, ಶಾಂತಿಪಾಲನೆಗೆ ಪೊಲೀಸ್ ಪಾಟೀಲ, ಜೊತೆಗೆ ತಳವಾರ. ಮಾಲಿ ಪಾಟೀಲ, ಪೊಲೀಸ್ ಪಾಟೀಲ ಎಂಬ ಎರಡೂ ಹುದ್ದೆಗಳು ಇವತ್ತಿಗೂ ಮಾನ್ವಿ, ಸಿಂಧನೂರು, ದೇವದುರ್ಗಗಳ ಕಡೆ ಮನೆತನದ ಹೆಸರುಗಳಾಗಿ ಉಳಿದಿವೆ. ಇವರೆಲ್ಲ ಓಡಾಡುತ್ತಿದ್ದದ್ದು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ, ಎತ್ತಿನ ಬಂಡಿಯಲ್ಲಿ. ಮಳೆಗಾಲದಲ್ಲಿ ನದಿ ದಾಟಲು ಹರಿಗೋಲು. ಅದಕ್ಕೂ ಮೀರಿದ ಬಲ ಬೇಕಾದಾಗ ದೊಡ್ಡ ಪಡೆ ಲಿಂಗಸುಗೂರಿನ ಛಾವಣಿಯಿಂದ ಬರಬೇಕಿತ್ತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಏರಿಹೋದ ಹೈದರಾಬಾದ್ ಕಂಟಿಂಜೆಂಟ್ ಪಡೆ ಹೊರಟಿದ್ದು ಆ ಛಾವಣಿಯಿಂದಲೇ. ಆಗ ಈ ಎಡೆದೊರೆ ನಾಡು ಬ್ರಿಟಿಷರ ಕೈಯಲ್ಲಿತ್ತು. 1853ರಲ್ಲಿ ಕಂಟಿಂಜೆಂಟ್ ಪಡೆಯ ಖರ್ಚಿಗೆಂದು ಬಿಟ್ಟುಕೊಟ್ಟಿದ್ದ ಸೀಮೆ ಮತ್ತೆ ನಿಜಾಮನಿಗೆ ಬಂದದ್ದು 1860ರಲ್ಲಿ.

ಊರಿನ ಕಾವಲಿಗೆ ಊರಿನವರು, ದಂಗೆಗೆ ದೂರದ ಛಾವಣಿ ಎಂಬ ಈ ಏರ್ಪಾಟು ಮುರಿದದ್ದು 1947ರ ನಂತರ. ಆ ವರ್ಷದ ನವೆಂಬರ್ 29ರಂದು ಭಾರತ ಮತ್ತು ನಿಜಾಮನ ನಡುವೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಿಗೇ ಭಾರತದ ಸೈನ್ಯ ಸಿಕಂದರಾಬಾದಿನಿಂದ ತೆರವಾಯಿತು. ಖಾಲಿಯಾದ ಜಾಗದಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು ಬೆಳೆದರು. ಹಳ್ಳಿಗೆ ಹಳ್ಳಿಯೇ ನದಿ ದಾಟಿ ಬಳ್ಳಾರಿ, ಧಾರವಾಡ ಜಿಲ್ಲೆಗಳ ಕಡೆ ಹೋಗಬೇಕಾಯಿತು. ಮುಂಡರಗಿ, ಗಜೇಂದ್ರಗಡಗಳಲ್ಲಿ ಗಡಿ ಶಿಬಿರಗಳು ಹುಟ್ಟಿದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ನಾಯಕರಾದರು. ಶಿಬಿರದ ತರುಣರು ನಿಜಾಮನ ಪೊಲೀಸ್ ಹೊರಠಾಣೆಗಳ ಮೇಲೂ ಸುಂಕ ವಸೂಲಿಯ ಕರೋಡಗಿರಿ ನಾಕೆಗಳ ಮೇಲೂ ದಾಳಿ ಮಾಡುತ್ತಿದ್ದರು. ಅಂಥ ನಾಕೆಯೊಳಗೆ ಕೂತಿರುತ್ತಿದ್ದವರು ಬಂದೂಕು ಹಿಡಿದ ನಾಲ್ಕಾರು ಜವಾನರು. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದಲ್ಲಿ ಸುಮಾರು 200 ಜನ ಸತ್ತರು. ಅವರನ್ನು ಕಾಪಾಡಬೇಕಿದ್ದ ರಾಜ್ಯದ ಪೊಲೀಸ್ ವ್ಯವಸ್ಥೆ ಕೊಲೆಗಾರರ ಪಕ್ಕಕ್ಕೆ ಸರಿದು ನಿಂತಿತ್ತು.

ಇಂಥ ಹೊತ್ತಿನಲ್ಲಿ ನಿಜಾಮನ ಸರ್ಕಾರ ಶಸ್ತ್ರ ಖರೀದಿಗೆ ಇಳಿಯಿತು. ಆಸ್ಟ್ರೇಲಿಯಾದ ವಿಮಾನ ಚಾಲಕ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರಿಹೊತ್ತು ಬೀದರ್, ವರಂಗಲ್‌ಗಳಿಗೆ ಬಂದೂಕು, ಮದ್ದುಗುಂಡು ತಂದು ಇಳಿಸುತ್ತಿದ್ದ. ಅಷ್ಟು ಹೊತ್ತಿಗೆ ನಿಜಾಮನ ಸೈನ್ಯದ ಬಳಿ ಕವಚ ಕಾರುಗಳೂ ಇದ್ದವು. ಎರಡನೇ ಮತ್ತು ನಾಲ್ಕನೇ ಹೈದರಾಬಾದ್ ಲ್ಯಾನ್ಸರ್ಸ್ ಪಡೆಗಳಿಗೆ ಹಂಬರ್ ಮತ್ತು ಸ್ಟ್ಯಾಗ್‌ಹೌಂಡ್ ಎಂಬ ಎರಡು ಬಗೆಯ ಗಾಡಿಗಳಿದ್ದವು. ಎರಡೂ ಎರಡನೇ ಮಹಾಯುದ್ಧದ ಕಾಲದವು, ಹಂಬರ್ ಬ್ರಿಟನ್ನಿನದು, ಸ್ಟ್ಯಾಗ್‌ಹೌಂಡ್ ಅಮೆರಿಕದ್ದು. ಗುಂಡು ತಾಗದ ಉಕ್ಕಿನ ಮೈ, ಮೇಲೆ ತಿರುಗುವ ತೋಪು. ವಿಜಯವಾಡ ಕಡೆಯಿಂದ ಬಂದ ಭಾರತದ ಪಡೆಯನ್ನು ಅವು ಎದುರಿಸಿ ನಿಂತದ್ದೂ ಉಂಟು.

1948ರ ಸೆಪ್ಟೆಂಬರ್ 13ರಂದು, ಜಿನ್ನಾ ತೀರಿಕೊಂಡ ಎರಡೇ ದಿನಕ್ಕೆ, ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಒಂದನೇ ಆರ್ಮರ್ಡ್ ಡಿವಿಷನ್ ಸೊಲ್ಲಾಪುರದಿಂದ ಹೊರಟಿತು. ನಳದುರ್ಗದ ಕೋಟೆ ಮೊದಲ ದಿನವೇ ಬಿತ್ತು. ದಕ್ಷಿಣದ ಗಡಿಯಲ್ಲಿ, ಹೊಸಪೇಟೆಯ ಸಕ್ಕರೆ ಕಾರ್ಖಾನೆಯಲ್ಲಿ ಬೀಡುಬಿಟ್ಟಿದ್ದ ರಜಾಕಾರರನ್ನು ಒಂದನೇ ಮೈಸೂರು ಪಡೆ ಹೊರಗಟ್ಟಿತು. ತುಂಗಭದ್ರೆಯ ಸೇತುವೆಯೊಂದನ್ನು ಐದನೇ ಗೂರ್ಖಾ ರೈಫಲ್ಸ್‌ನ ತುಕಡಿ ವಶಪಡಿಸಿಕೊಂಡಿತು. ಎಡೆದೊರೆಯ ಜನರಿಗೆ ಹತ್ತಿರದ ಕದನಗಳು ಇವೇ. ಸೆಪ್ಟೆಂಬರ್ 17ರ ಸಂಜೆ ನಿಜಾಮ ಕದನವಿರಾಮ ಸಾರಿದ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದ. ಟ್ಯಾಂಕು, ವಿಮಾನ, ಫಿರಂಗಿಗಳಿದ್ದ ಕಾರ್ಯಾಚರಣೆಗೆ ಪೊಲೀಸ್ ಎಂಬ ಹೆಸರು ಬಂದದ್ದಕ್ಕೆ ಕಾರಣವಿತ್ತು. ಹೈದರಾಬಾದ್ ತನ್ನ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದಿತ್ತು. ಇದು ದೇಶದೊಳಗಿನ ಶಾಂತಿಪಾಲನೆ, ಯುದ್ಧವಲ್ಲ ಎಂಬುದು ಭಾರತದ ನಿಲುವಾಗಿತ್ತು.

ಐದು ದಿನ ಸಾಕಾಯಿತು. ಕವಚ ಪಡೆ ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಗೆದ್ದ ಉದಾಹರಣೆ ಈ ನಾಡಿನಲ್ಲಿ ಇನ್ನೊಂದಿಲ್ಲ. ರಜಾಕಾರರ ಹಾವಳಿಯಲ್ಲಿ ಮನೆಮಾರು ಬಿಟ್ಟು ಹೋದವರು ಆ ಟ್ಯಾಂಕುಗಳ ಸುದ್ದಿ ಕೇಳಿಯೇ ಊರಿಗೆ ಮರಳಿದರು, ಅವರ ಮಕ್ಕಳು ಮೊಮ್ಮಕ್ಕಳು ಸೆಪ್ಟೆಂಬರ್ 17ನ್ನು ಇಂದಿಗೂ ವಿಮೋಚನಾ ದಿನವಾಗಿ ಆಚರಿಸುತ್ತಾರೆ. ಆ ಬಿಡುಗಡೆ ದೊಡ್ಡದು, ಅದರ ಸಂತೋಷ ಸಾಚಾ.

ಆದರೆ ಮುಂದಿನ ವಾರಗಳ ಕಥೆಯನ್ನೂ ಇದರ ಜೊತೆಗೇ ಹೇಳಬೇಕು. ಟ್ಯಾಂಕುಗಳು ಹೆದ್ದಾರಿಯ ಮೇಲೆ ರಾಜಧಾನಿಗೆ ಹೋದವು. ಹೆದ್ದಾರಿಯಿಂದ ಒಳಗಿದ್ದ ಊರುಗಳಲ್ಲಿ ಹಳೆಯ ಪೊಲೀಸ್ ವ್ಯವಸ್ಥೆ ಕುಸಿದಿತ್ತು, ಹೊಸದು ಬಂದಿರಲಿಲ್ಲ. ಆ ನಡುವಿನಲ್ಲಿ ಸೇಡಿನ ಹೆಸರಿನಲ್ಲಿ ಸಾವಿರಾರು ಅಮಾಯಕ ಮುಸ್ಲಿಮರ ಕೊಲೆಯಾಯಿತು. ಪ್ರಧಾನಿ ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜು ಮಾಡಿತು. ಅತಿ ಹೆಚ್ಚು ನರಳಿದ ಜಿಲ್ಲೆಗಳೆಂದು ಅದು ಹೆಸರಿಸಿದ ನಾಲ್ಕರಲ್ಲಿ ಬೀದರ್ ಮತ್ತು ಕಲಬುರಗಿ ಸೇರಿದ್ದವು. ಆ ವರದಿ ದಶಕಗಳ ಕಾಲ ಸಾರ್ವಜನಿಕರಿಗೆ ಸಿಗಲಿಲ್ಲ. ಉಕ್ಕಿನ ಗಾಡಿ ದಾರಿಯನ್ನು ಗೆದ್ದುಕೊಟ್ಟಿತ್ತು. ಊರನ್ನು ಕಾಯಲು ಬೇಕಿದ್ದದ್ದು ಠಾಣೆ, ಊರು ಬಲ್ಲ ಅಮೀನ, ಓಣಿಯಲ್ಲಿ ರಾತ್ರಿ ತಿರುಗುವ ಜವಾನ. ಆ ದಿನಗಳಲ್ಲಿ ಅವರೇ ಇರಲಿಲ್ಲ.

ದೊಡ್ಡ ಬಲ, ದೊಡ್ಡ ಯಂತ್ರವಿದ್ದರೆ ಸಾಕು ಎಂಬ ನಂಬಿಕೆಯನ್ನು ರಾಯಚೂರು ಅದಕ್ಕೂ ಮೊದಲೇ ಒಮ್ಮೆ ಕಂಡಿತ್ತು. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಇದೇ ಊರಿನ ಕೋಟೆಗಾಗಿ ಕಾದಾಡಿದರು. ಪೋರ್ಚುಗೀಸ್ ಬರಹಗಾರ ಫೆರ್ನಾವೊ ನುನಿಜ್ ಆ ಯುದ್ಧದ ವಿವರ ಬರೆದಿಟ್ಟಿದ್ದಾನೆ. ತೋಪುಗಳಲ್ಲಿ ಬಿಜಾಪುರದ ಕೈ ಮೇಲಿತ್ತು. ಸೋತಾಗ ಆ ಸೈನ್ಯ 400 ಭಾರೀ ತೋಪುಗಳನ್ನು ಬಿಟ್ಟುಹೋಯಿತು ಎಂಬುದು ಅವನ ಲೆಕ್ಕ. ರಾಯನ ಕಡೆ ಮೈಗೆ ಹೊದಿಕೆ ಹಾಕಿ, ಬೆನ್ನಮೇಲೆ ಅಂಬಾರಿ ಕಟ್ಟಿ ಹೋರಾಳುಗಳನ್ನು ಕೂರಿಸಿದ ಆನೆಗಳಿದ್ದವು. ಅಂದಿನ ಕವಚ ವಾಹನ ಎಂದರೆ ಅದೇ. ಕೊನೆಗೆ ಕೋಟೆ ಬಿದ್ದದ್ದಕ್ಕೆ ನುನಿಜ್ ಕೊಡುವ ಕಾರಣ ಸಣ್ಣದು. ಕ್ರಿಸ್ಟೊವಾವೊ ಡಿ ಫಿಗೆರೆದೊ ಎಂಬವನ ಜೊತೆ ಬಂದಿದ್ದ ಕೆಲವೇ ಪೋರ್ಚುಗೀಸ್ ಕೋವಿಗಾರರು ಗೋಡೆಯ ಮೇಲಿನವರನ್ನು ತಲೆಯೆತ್ತದಂತೆ ಮಾಡಿದರು, ಕೆಳಗೆ ಜನ ಹಾರೆ ಹಿಡಿದು ಕಲ್ಲು ಕಿತ್ತರು. ಆ ಕೋಟೆಯ ಪಶ್ಚಿಮದ ಗೋಡೆಯಲ್ಲಿ 1294ರ ಶಾಸನವಿರುವ ಒಂದು ಮಹಾಶಿಲೆಯಿದೆ, ಉದ್ದ 41 ಅಡಿಗೂ ಮಿಕ್ಕಿ. ಅದನ್ನು ಗಾಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುತ್ತಿರುವ ಚಿತ್ರವನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ. ಭಾರದ ಗಾಡಿಯನ್ನು ಈ ನೆಲದಲ್ಲಿ ಸಾಗಿಸುವುದು ಎಂಥ ಕಷ್ಟ ಎಂಬುದಕ್ಕೆ ಆ ಚಿತ್ರ ಸಾಕ್ಷಿ.

ನೆಲದ ಮಾತು ಇಲ್ಲಿ ಮುಖ್ಯ. ಮಾನ್ವಿಯಿಂದ ಸಿಂಧನೂರಿನವರೆಗೆ, ದೇವದುರ್ಗದಿಂದ ಕೃಷ್ಣೆಯವರೆಗೆ ಬಹುಪಾಲು ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಡುವ ಈ ಕಪ್ಪುಮಣ್ಣು ಮಳೆಗೆ ನೆನೆದರೆ ಎತ್ತಿನ ಬಂಡಿಯ ಗಾಲಿಯೂ ಹೂತುಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಕಡೆಯನ್ನು ಭತ್ತದ ಗದ್ದೆ ಮಾಡಿದ ಮೇಲೆ ಕಾಲುವೆ, ಉಪಕಾಲುವೆ, ಸಣ್ಣ ಸಣ್ಣ ಮೋರಿಗಳು ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತವೆ. ಹೀಗಾಗಿ ಭಾರದ ವಾಹನ ಡಾಂಬರು ರಸ್ತೆಗೆ ಅಂಟಿಕೊಂಡೇ ಹೋಗಬೇಕು. ಡಾಂಬರು ರಸ್ತೆಗೆ ಅಂಟಿಕೊಂಡ ವಾಹನ ಎಲ್ಲಿ ಹಾಯುತ್ತದೆ, ಯಾವ ಮೋರಿಯ ಮೇಲೆ ನಿಧಾನಿಸುತ್ತದೆ ಎಂಬುದು ಕಾದು ಕೂತವನಿಗೆ ಮೊದಲೇ ಗೊತ್ತಿರುತ್ತದೆ.

ಈ ಪಾಠವನ್ನು ನೆತ್ತರು ಸುರಿಸಿ ಕಲಿತವರು ಕೃಷ್ಣೆಯ ಆಚೆ ದಂಡೆಯ ಪೊಲೀಸರು. 1980ರ ದಶಕದ ಕೊನೆಯ ಹೊತ್ತಿಗೆ ನಕ್ಸಲರ ಪೀಪಲ್ಸ್ ವಾರ್ ಗುಂಪು ಆಂಧ್ರದ ಹಲವು ಜಿಲ್ಲೆಗಳಲ್ಲಿ ಬೇರೂರಿತ್ತು. ಗಡಿ ದಾಟಿ ರಾಯಚೂರು, ಬೀದರ್‌ಗಳಲ್ಲೂ ಅದು ಕೆಲಸ ಶುರುಮಾಡಿತು. ಕರ್ನಾಟಕದ ನಕ್ಸಲ್ ಚಟುವಟಿಕೆ ಮಲೆನಾಡಿಗೆ ಹೋಗುವ ಮೊದಲು ಇದ್ದದ್ದು ಈ ಬಯಲುಸೀಮೆಯಲ್ಲೇ. 1993ರ ನವೆಂಬರ್‌ನಲ್ಲಿ ಮೆಹಬೂಬನಗರದ ಎಸ್‌ಪಿ ಪರದೇಶಿ ನಾಯುಡು ಮತ್ತು ಅವರ ಜೊತೆಗಿದ್ದ ಪೊಲೀಸರು ಸೋಮಶಿಲ ಬಳಿ ನೆಲಬಾಂಬ್ ಸ್ಫೋಟದಲ್ಲಿ ಸತ್ತರು. ಸೋಮಶಿಲ ಇರುವುದು ರಾಯಚೂರನ್ನು ದಾಟಿ ಹರಿದ ಕೃಷ್ಣೆಯದೇ ದಂಡೆಯಲ್ಲಿ. ರಸ್ತೆಯ ಮೇಲೆ ವಾಹನದಲ್ಲಿ ಹೋಗುವ ಪೊಲೀಸ್ ತಂಡ ಎಷ್ಟು ಸುಲಭದ ಗುರಿ ಎಂಬುದು ಆ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡಿತು.

ಇದಕ್ಕೆ ಎರಡು ಉತ್ತರಗಳು ಬಂದವು. ಒಂದನ್ನು ಕೊಟ್ಟವರು ಆಂಧ್ರದ ಪೊಲೀಸ್ ಅಧಿಕಾರಿ ಕೆ.ಎಸ್. ವ್ಯಾಸ್. 1989ರಲ್ಲಿ ಅವರು ಕಟ್ಟಿದ ಗ್ರೇಹೌಂಡ್ಸ್ ಪಡೆ ವಾಹನವನ್ನೇ ಬಿಟ್ಟು ನಡೆಯಲು ಕಲಿಯಿತು. ಸಣ್ಣ ತಂಡ, ಬೆನ್ನಮೇಲೆ ಊಟ-ನೀರು, ರಸ್ತೆಗೆ ಕಾಲಿಡದೆ ಕಾಡು-ಗುಡ್ಡದ ದಾರಿ. ವ್ಯಾಸ್ ಅವರನ್ನು 1993ರಲ್ಲಿ ಹೈದರಾಬಾದಿನ ಕ್ರೀಡಾಂಗಣದಲ್ಲಿ ನಕ್ಸಲರು ಕೊಂದರು, ಆದರೆ ಅವರು ಹಾಕಿಕೊಟ್ಟ ಪದ್ಧತಿ ಉಳಿಯಿತು. ಬೇರೆ ರಾಜ್ಯಗಳ ಪಡೆಗಳೂ ಅದನ್ನು ಕಲಿತವು.

ಇನ್ನೊಂದು ಉತ್ತರ ಉಕ್ಕಿನದು. ಅದರ ಬೇರು ದಕ್ಷಿಣ ಆಫ್ರಿಕಾದಲ್ಲಿದೆ. 1970ರ ದಶಕದ ಕೊನೆಗೆ ಅಲ್ಲಿನ ಪೊಲೀಸರಿಗಾಗಿಯೇ ಕ್ಯಾಸ್ಪಿರ್ ಎಂಬ ವಾಹನವನ್ನು ರೂಪಿಸಿದರು. ಸುಮಾರು 11 ಟನ್ ತೂಕ, ನೆಲದಿಂದ ಎತ್ತರಕ್ಕೆ ನಿಂತ ಒಡಲು, ಆ ಒಡಲಿನ ತಳ ದೋಣಿಯ ತಳದಂತೆ ಚೂಪು. ಅಡಿಯಲ್ಲಿ ಬಾಂಬ್ ಸಿಡಿದರೆ ಅದರ ಹೊಡೆತ ಎರಡೂ ಬದಿಗೆ ಸೀಳಿ ಹೋಗಬೇಕು, ಗಾಲಿ ಹಾರಿಹೋದರೂ ಒಳಗಿನವರು ಉಳಿಯಬೇಕು ಎಂಬುದು ವಿನ್ಯಾಸದ ಆಸೆ. ನಮೀಬಿಯಾ ಗಡಿಯ ನೆಲಬಾಂಬುಗಳಿಂದ ಅದು ಎಷ್ಟೋ ಜೀವ ಉಳಿಸಿತು. ಅದೇ ಗಾಡಿಯನ್ನು 1980ರ ದಶಕದಲ್ಲಿ ಸೊವೆಟೊದಂಥ ಕಪ್ಪು ಜನರ ಬಡಾವಣೆಗಳೊಳಗೆ ನುಗ್ಗಿಸಲಾಯಿತು. ನೆಲಬಾಂಬೇ ಇಲ್ಲದ ಬೀದಿಗಳಲ್ಲಿ, ಶಾಲೆಗೆ ಹೋಗುವ ಮಕ್ಕಳ ಮುಂದೆ. ವರ್ಣಭೇದದ ಆಡಳಿತವನ್ನು ನೆನೆದಾಗ ದಕ್ಷಿಣ ಆಫ್ರಿಕಾದವರ ಕಣ್ಣಮುಂದೆ ಬರುವ ಚಿತ್ರಗಳಲ್ಲಿ ಕ್ಯಾಸ್ಪಿರ್ ಒಂದು. ಒಂದು ಅಪಾಯಕ್ಕೆಂದು ತಂದ ವಾಹನ ಬೇರೆಯವರ ಮೇಲೆ ತಿರುಗಿದ್ದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಭಾರತ 1990ರ ದಶಕದ ಕೊನೆಯ ಹೊತ್ತಿಗೆ ಕ್ಯಾಸ್ಪಿರ್‌ಗಳನ್ನು ತರಿಸಿತು. ಮುಂದೆ ಅದೇ ಮಾದರಿಯ ಆದಿತ್ಯ ಎಂಬ ನೆಲಬಾಂಬ್ ನಿರೋಧಕ ವಾಹನ ಇಲ್ಲೇ ತಯಾರಾಯಿತು. ತಯಾರಿಸಿದ್ದು ಮೆದಕ್‌ನ ಆರ್ಡ್ನೆನ್ಸ್ ಫ್ಯಾಕ್ಟರಿ. ಆ ಜಿಲ್ಲೆಯೂ ಹಿಂದೆ ನಿಜಾಮನ ಸೀಮೆಯೇ. ಸಿಆರ್‌ಪಿಎಫ್ ಮತ್ತು ನಕ್ಸಲ್ ಪೀಡಿತ ರಾಜ್ಯಗಳ ಪೊಲೀಸರ ಕೈಗೆ ಅವು ಬಂದವು. ಎದುರಾಳಿಗಳು ಮಾಡಿದ್ದು ಸರಳ ಲೆಕ್ಕ: ವಾಹನ ಎಷ್ಟು ಕಿಲೋ ಸ್ಫೋಟಕ ತಾಳುತ್ತದೋ ಅದಕ್ಕಿಂತ ಹೆಚ್ಚು ಹೂತರು. 2005ರ ಸೆಪ್ಟೆಂಬರ್‌ನಲ್ಲಿ ಛತ್ತೀಸಗಡದಲ್ಲಿ ಅಂಥ ವಾಹನವೊಂದು ಸಿಡಿದು 20ಕ್ಕೂ ಹೆಚ್ಚು ಯೋಧರು ಸತ್ತರು. 2018ರ ಮಾರ್ಚ್ 13ರಂದು ಅದೇ ರಾಜ್ಯದ ಸುಕ್ಮಾದ ಕಿಸ್ತಾರಾಂ ಬಳಿ ಮತ್ತೆ 9 ಜನ. ಈ ಸಾವುಗಳ ನಡುವೆ ನೆನಪಿಡಬೇಕಾದ ಉಳಿವೂ ಒಂದಿದೆ. 2003ರ ಅಕ್ಟೋಬರ್ 1ರಂದು ತಿರುಪತಿಯ ಅಲಿಪಿರಿಯಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರ ಮೇಲೆ ಕ್ಲೇಮೋರ್ ಬಾಂಬ್ ದಾಳಿ ನಡೆದಾಗ ಅವರು ಬದುಕಿದ್ದು ಬುಲೆಟ್‌ಪ್ರೂಫ್ ಅಂಬಾಸಿಡರ್ ಕಾರಿನಲ್ಲಿದ್ದುದರಿಂದ. ಕವಚ ಸುಮ್ಮನೆ ಖರ್ಚು ಎಂದು ತಳ್ಳಿಹಾಕುವವರು ಅಲಿಪಿರಿಯನ್ನು ನೋಡಬೇಕು. ಕವಚವೊಂದಿದ್ದರೆ ಸಾಕು ಎನ್ನುವವರು ಕಿಸ್ತಾರಾಂ ಅನ್ನು ನೋಡಬೇಕು.

ನಕ್ಸಲರಿಂದ ಕರ್ನಾಟಕದ ಪೊಲೀಸರಿಗೆ ದೊಡ್ಡ ಪೆಟ್ಟು ಬಿದ್ದದ್ದು ರಸ್ತೆಯ ಮೇಲಲ್ಲ. ರಾಯಚೂರು ಕಡೆ ಕೆಲಸ ಮಾಡಿ ಮಲೆನಾಡಿಗೆ ಹೋಗಿದ್ದ ನಕ್ಸಲ್ ನಾಯಕ ಸಾಕೇತ್ ರಾಜನ್ 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ನಾಲ್ಕೇ ದಿನಕ್ಕೆ, ಫೆಬ್ರುವರಿ 10ರ ರಾತ್ರಿ, ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಾಲಾ ಕಟ್ಟಡದಲ್ಲಿ ತಂಗಿದ್ದ ರಾಜ್ಯ ಮೀಸಲು ಪೊಲೀಸ್ ಪಡೆಯ, ಅಂದರೆ ಕೆಎಸ್‌ಆರ್‌ಪಿ ತುಕಡಿಯ ಮೇಲೆ ನಕ್ಸಲರು ದಾಳಿ ಮಾಡಿದರು. ಮೀಸಲು ಪಡೆಯ 6 ಮಂದಿ ಮತ್ತು ಒಬ್ಬ ನಾಗರಿಕ ಸತ್ತರು. ಅವರು ಮಲಗಿದ್ದದ್ದು ಶಾಲೆಯ ಕೋಣೆಯಲ್ಲಿ. ಯಾವ ಕವಚ ವಾಹನವೂ ಅವರನ್ನು ಉಳಿಸುತ್ತಿರಲಿಲ್ಲ. ಸುತ್ತ ಬೇಲಿ, ಮರಳಚೀಲದ ಮರೆ, ಎಚ್ಚರದ ಕಾವಲು, ಹಳ್ಳಿಯಿಂದ ಮೊದಲೇ ತಲುಪುವ ಸುದ್ದಿ ಉಳಿಸುತ್ತಿದ್ದವು.

ಪೊಲೀಸ್ ಪಡೆಗಳಿಗೆ ಬುಲೆಟ್‌ಪ್ರೂಫ್ ವಾಹನ ಬೇಕೇ ಬೇಕು ಎಂಬ ಮಾತು ದೇಶದ ತುಂಬ ಕೇಳಿದ್ದು 2008ರ ನವೆಂಬರ್ 26ರ ಮುಂಬಯಿ ದಾಳಿಯ ನಂತರ. ಮುಂಬಯಿಯ ಕಾಮಾ ಆಸ್ಪತ್ರೆಯ ಪಕ್ಕದ ರಸ್ತೆಯಲ್ಲಿ ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಮೂವರೂ ಸಾಮಾನ್ಯ ಕ್ವಾಲಿಸ್ ಗಾಡಿಯಲ್ಲಿ ಕೂತು ಹೋಗುತ್ತಿದ್ದಾಗ ಎಕೆ-47 ಗುಂಡುಗಳಿಗೆ ಬಲಿಯಾದರು. ಮಹಾರಾಷ್ಟ್ರ ಮರುವರ್ಷವೇ ಫೋರ್ಸ್ ಒನ್ ಪಡೆ ಕಟ್ಟಿತು. ಅದೇ ವರ್ಷ ಮಾರುಕಟ್ಟೆಗೆ ಬಂದ ಮಹೀಂದ್ರಾ ಮಾರ್ಕ್ಸ್‌ಮನ್ ವಾಹನವನ್ನು ಮುಂಬಯಿ ಪೊಲೀಸರು ಕೊಂಡರು. ಕರ್ನಾಟಕದಲ್ಲೂ ಭಯೋತ್ಪಾದನೆ ಎದುರಿಸಲೆಂದೇ ಗರುಡ ಪಡೆ ಹುಟ್ಟಿತು, ಬೆಂಗಳೂರಿನ ಕೂಡ್ಲುವಿನಲ್ಲಿ ಅದರ ತರಬೇತಿ.

ಅಮೆರಿಕದಲ್ಲಿ ಇದೇ ಹಾದಿಯನ್ನು ಒಂದು ದಶಕ ಮೊದಲೇ ತುಳಿದಿದ್ದರು. 1997ರ ಫೆಬ್ರುವರಿ 28ರಂದು ಲಾಸ್ ಏಂಜಲೀಸ್‌ನ ಉತ್ತರ ಹಾಲಿವುಡ್‌ನಲ್ಲಿ ಮೈತುಂಬ ಕವಚ ತೊಟ್ಟ ಇಬ್ಬರು ಬ್ಯಾಂಕ್ ದರೋಡೆಕೋರರು ಪೊಲೀಸರ ಮೇಲೆ ಸ್ವಯಂಚಾಲಿತ ಬಂದೂಕುಗಳಿಂದ ಗುಂಡಿನ ಮಳೆ ಸುರಿಸಿದರು. ರಸ್ತೆಯಲ್ಲಿ ಬಿದ್ದ ಗಾಯಾಳುಗಳನ್ನು ಎತ್ತಿ ತರಲು ಪೊಲೀಸರ ಬಳಿ ಗುಂಡು ತಡೆಯುವ ಗಾಡಿ ಇರಲಿಲ್ಲ. ನಗದು ಸಾಗಿಸುವ ಖಾಸಗಿ ಕವಚ ಟ್ರಕ್ಕನ್ನೇ ಪಡೆದುಕೊಂಡು ಆ ಕೆಲಸ ಮಾಡಿದರು. ಆಮೇಲೆ ಊರೂರಿನ ಪೊಲೀಸರ ಬಳಿಯೂ ಕವಚ ವಾಹನ ಬಂತು. ಸೈನ್ಯ ಬಿಟ್ಟ ಸಾಮಗ್ರಿಯನ್ನು ಪೊಲೀಸರಿಗೆ ಕೊಡುವ ಸರ್ಕಾರಿ ಯೋಜನೆಯಲ್ಲಿ ಇರಾಕ್ ಯುದ್ಧದ ಭಾರೀ ವಾಹನಗಳು ಸಣ್ಣ ಊರುಗಳಿಗೂ ಹೋದವು. 2014ರಲ್ಲಿ ಫರ್ಗುಸನ್ ಪಟ್ಟಣದ ಪ್ರತಿಭಟನೆಯ ಎದುರು ಪೊಲೀಸರ ಕವಚ ಗಾಡಿಗಳು ನಿಂತಾಗ ಇಡೀ ದೇಶ ಬೆಚ್ಚಿತು. 2015ರಲ್ಲಿ ಒಬಾಮಾ ಸರ್ಕಾರ ಸೈನ್ಯದ ಸಾಮಗ್ರಿ ಕೊಡುವುದಕ್ಕೆ ನಿರ್ಬಂಧ ಹಾಕಿತು, 2017ರಲ್ಲಿ ಟ್ರಂಪ್ ಸರ್ಕಾರ ನಿರ್ಬಂಧ ತೆಗೆಯಿತು. ಗಾಯಾಳುವನ್ನು ಎತ್ತಿ ತರಲು ಹುಟ್ಟಿದ ಬೇಡಿಕೆ ಪ್ರತಿಭಟನೆಯ ಮುಂದೆ ಹೋಗಿ ನಿಲ್ಲಲು ಹದಿನೇಳು ವರ್ಷ ಸಾಕಾಯಿತು.

ಭಾರತದಲ್ಲಿ ಇಂಥ ಖರೀದಿಗೆ ಹಣ ಹರಿದ ಮುಖ್ಯ ಕಾಲುವೆ ಪೊಲೀಸ್ ಪಡೆಗಳ ಆಧುನೀಕರಣ ಯೋಜನೆ. 1969-70ರಲ್ಲಿ ಕೇಂದ್ರ ಅದನ್ನು ಶುರುಮಾಡಿತು. ಜಿಲ್ಲೆಯ ಎಸ್‌ಪಿ ಕಚೇರಿಯ ಬೇಡಿಕೆ ಬೆಂಗಳೂರಿನ ಪೊಲೀಸ್ ಕೇಂದ್ರ ಕಚೇರಿಗೆ ಹೋಗಿ, ರಾಜ್ಯದ ಉನ್ನತಾಧಿಕಾರ ಸಮಿತಿಯ ಮುಂದೆ ಬಂದು, ದೆಹಲಿಯ ಗೃಹ ಸಚಿವಾಲಯದ ಒಪ್ಪಿಗೆ ಪಡೆಯಬೇಕು. ವಾಹನ ಎಂಬ ಒಂದೇ ಶೀರ್ಷಿಕೆಯಡಿ ಠಾಣೆಯ ಜೀಪೂ ಬರುತ್ತಿತ್ತು, ಬುಲೆಟ್‌ಪ್ರೂಫ್ ಗಾಡಿಯೂ ಬರುತ್ತಿತ್ತು. ಯಾವುದನ್ನು ಮೊದಲು ಕೊಳ್ಳಬೇಕು ಎಂಬುದನ್ನು ಆಗಾಗ ತೀರ್ಮಾನಿಸುವುದು ಹಿಂದಿನ ವರ್ಷ ಪತ್ರಿಕೆಗಳ ಮುಖಪುಟದಲ್ಲಿ ಬಂದ ದಾಳಿ. ಬುಲೆಟ್‌ಪ್ರೂಫ್ ಗಾಡಿಯ ಖರ್ಚು ಕೊಂಡ ದಿನಕ್ಕೆ ಮುಗಿಯುವುದೂ ಇಲ್ಲ. ಉಕ್ಕಿನ ತಗಡು, ಪದರಪದರದ ದಪ್ಪ ಗಾಜು, ಗುಂಡು ಬಿದ್ದರೂ ಓಡುವ ಟೈರು, ಇಷ್ಟು ಭಾರಕ್ಕೆ ತಕ್ಕ ಎಂಜಿನ್, ಬ್ರೇಕು, ಸ್ಪ್ರಿಂಗು. ಓಡಿಸುವವನಿಗೆ ಬೇರೆಯೇ ತರಬೇತಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ, ತೆರೆಯದ ಕಿಟಕಿಗಳ ಹಿಂದೆ, ಒಳಗಿನವರು ಗಂಟೆಗಟ್ಟಲೆ ಕೂರಬೇಕು.

ಊರಿನ ಜನ ನಿಜವಾಗಿ ಕಾಣುವ ಪೊಲೀಸರ ದೊಡ್ಡ ಗಾಡಿಗಳೆಂದರೆ ವಜ್ರ ಮತ್ತು ವರುಣ. ಅಶ್ರುವಾಯು ಶೆಲ್ಲುಗಳನ್ನು ಸಾಲಾಗಿ ಹಾರಿಸುವುದು ವಜ್ರ, ಜಲಫಿರಂಗಿ ಇರುವುದು ವರುಣ. ಗುಂಪು ಚದುರಿಸಲೆಂದು ಕೇಂದ್ರ 1992ರಲ್ಲಿ ಕಟ್ಟಿದ ಕ್ಷಿಪ್ರ ಕಾರ್ಯಪಡೆಯ ಬಳಿಯೂ, ರಾಜ್ಯಗಳ ಮೀಸಲು ಪಡೆಗಳ ಬಳಿಯೂ ಇಂಥ ಗಾಡಿಗಳಿವೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ ಮೀರಿದ ಪ್ರಸಂಗವಾದರೆ ರಾಯಚೂರಿಗೆ ಕೆಎಸ್‌ಆರ್‌ಪಿ ಬರುತ್ತದೆ. ಪಕ್ಕದ ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಇಂಡಿಯಾ ರಿಸರ್ವ್ ಬೆಟಾಲಿಯನ್ ಇದೆ. ದೊಡ್ಡ ಬಲ ಹೊರಗಿಂದ ಬರುವ ಲಿಂಗಸುಗೂರು ಛಾವಣಿಯ ಕಾಲದ ಕ್ರಮವೇ ಹೆಚ್ಚುಕಡಿಮೆ ಇವತ್ತಿಗೂ ನಡೆದಿದೆ. ಸಣ್ಣ ಜಿಲ್ಲೆಗೆ ಅದು ತಪ್ಪು ಕ್ರಮವೂ ಅಲ್ಲ.

ಹಾಗಾದರೆ ಮಾನ್ವಿ, ದೇವದುರ್ಗಗಳಲ್ಲಿ ಸಮವಸ್ತ್ರದವನಿಗೆ, ಸರ್ಕಾರಿ ನೌಕರನಿಗೆ ಸಾವು ಯಾವ ಕಡೆಯಿಂದ ಬರುತ್ತದೆ? ಈಚಿನ ವರ್ಷಗಳ ಉತ್ತರ ಮರಳಿನ ಲಾರಿ. ಕೃಷ್ಣೆ, ತುಂಗಭದ್ರೆಯರ ಒಡಲಿನ ಮರಳು ದೂರದ ಪೇಟೆಗಳಿಗೆ ಹೋಗುತ್ತದೆ, ಅದರಲ್ಲಿ ಬಹಳಷ್ಟು ಪರವಾನಗಿ ಇಲ್ಲದ್ದು. 2018ರ ಡಿಸೆಂಬರ್‌ನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ಹೋದ ಗ್ರಾಮ ಲೆಕ್ಕಿಗರೊಬ್ಬರ ಮೇಲೆ ಲಾರಿ ಹರಿಯಿತು. ಅವರು ಉಳಿಯಲಿಲ್ಲ. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಅದೇ ರೀತಿ ಸತ್ತರು. ಇಬ್ಬರ ಎದುರಿಗೂ ಬಂದದ್ದು ಎಕೆ-47 ಅಲ್ಲ, ನೆಲಬಾಂಬೂ ಅಲ್ಲ. ತುಂಬಿದ ಗಾಡಿ, ಅದರ ವೇಗ, ತಡೆಯಲು ನಿಂತವನನ್ನು ತುಳಿದರೂ ದಕ್ಕಿಸಿಕೊಳ್ಳಬಹುದೆಂಬ ಧೈರ್ಯ.

ಮುಂಬಯಿಯ ರಸ್ತೆಗೆ, ಬಸ್ತರಿನ ಕಾಡಿಗೆ ಬೇಕಾದ ವಾಹನವನ್ನು ತಂದು ತಾಲ್ಲೂಕು ಠಾಣೆಯ ಮುಂದೆ ನಿಲ್ಲಿಸಿದರೆ ಈ ಸಾವುಗಳು ನಿಲ್ಲುವುದಿಲ್ಲ. ತುರ್ತಿಗೆ ಅದು ಜಿಲ್ಲಾ ಕೇಂದ್ರದಲ್ಲೋ ವಲಯದ ಮೀಸಲು ಪಡೆಯಲ್ಲೋ ಇರಲಿ, ಓಡಿಸಬಲ್ಲ ಚಾಲಕನಿರಲಿ, ಪ್ರತಿಭಟನೆಗೆ ಕೂತ ರೈತರ ಮುಂದೆ ಅದನ್ನು ತಂದು ನಿಲ್ಲಿಸಕೂಡದೆಂಬ ಲಿಖಿತ ನಿಯಮವಿರಲಿ. ತಾಲ್ಲೂಕಿನಿಂದ ಮೇಲೆ ಹೋಗುವ ಬೇಡಿಕೆಯ ಪಟ್ಟಿಯಲ್ಲಿ ಮೊದಲ ಸಾಲು ನದಿ ದಂಡೆಯ ನಾಕೆಗಳದಾಗಬೇಕು. ಲಾರಿ ನುಗ್ಗಲಾಗದಂಥ ಕಾಂಕ್ರೀಟ್ ಅಡ್ಡಗಟ್ಟೆ, ಟೈರು ಕೊಯ್ಯುವ ಮುಳ್ಳುಪಟ್ಟಿ, ರಾತ್ರಿಯೆಲ್ಲ ಉರಿಯುವ ದೀಪ, ನಂಬರು ಪ್ಲೇಟು ಹಿಡಿಯುವ ಕ್ಯಾಮೆರಾ, ಮೂಲೆಮೂಲೆಯಿಂದಲೂ ಠಾಣೆಗೆ ತಲುಪುವ ವೈರ್‌ಲೆಸ್, ಒಂಟಿಯಾಗಿ ಯಾರನ್ನೂ ನಿಲ್ಲಿಸದಷ್ಟು ಸಿಬ್ಬಂದಿ. ಕಂದಾಯ ಇಲಾಖೆಯ ನೌಕರ ಮರಳು ಹಿಡಿಯಲು ಹೋಗುವಾಗ ಪೊಲೀಸರ ಜೊತೆಯಿಲ್ಲದೆ ಹೋಗಬಾರದು ಎಂಬ ಆದೇಶವೂ ಅದೇ ಪುಟದಲ್ಲಿ ಇರಬೇಕು. ಈ ಸಾಮಾನುಗಳಲ್ಲಿ ಬಹುಪಾಲನ್ನು ಜಿಲ್ಲೆಯ ಗುತ್ತಿಗೆದಾರರೇ ಒದಗಿಸಬಲ್ಲರು, ಒಂದು ಬುಲೆಟ್‌ಪ್ರೂಫ್ ಗಾಡಿಗೆ ಕಾಯುವಷ್ಟು ಕಾಲ ಕಾಯಬೇಕಾದ್ದೂ ಇಲ್ಲ.